ಹೊಳ್ಳಿ ಊರಿದ ಬೀಜ

ವರಲಕ್ಷ್ಮಿ ಹತ್ತಿ ಬಂದ ಹೊಸದರಲ್ಲಿ ನಮ್ಮ ಕಾಕಾ ಒಂದು ಜಾಣತನ ಮಾಡಿದ್ದ. ಅಷ್ಟು ರೊಕ್ಕ ಕೊಟ್ಟು ತಂದ ಬೀಜದಿಂದ ಬೆಳೆದ ಹತ್ತಿಯ ಕಾಳನ್ನೇ ತೆಗೆದಿಟ್ಟು ಮರುವರ್ಷ ಹೊಳ್ಳಿ ಊರಿದ. ಮುಂಡರಗಿ, ಶಿರಹಟ್ಟಿ ಕಡೆ ಎರಿ ಹೊಲ ಇದ್ದವರಲ್ಲಿ ಈ ಪರೀಕ್ಷೆ ಮಾಡದೆ ಬಿಟ್ಟವರು ಕಡಿಮೆ ಇರಬಹುದು. ಕಾಳು ಚೆನ್ನಾಗಿಯೇ ಮೊಳೆಯಿತು. ಆದರೆ ಒಂದು ಗಿಡ ಎದೆಮಟ್ಟ, ಪಕ್ಕದ್ದು ಮೊಣಕಾಲಮಟ್ಟ. ಒಂದು ಕಾಯಿ ಕಟ್ಟಿದರೆ ಇನ್ನೊಂದು ಮೊಗ್ಗನ್ನೇ ಬಿಟ್ಟಿರಲಿಲ್ಲ. “ತಾಯಿಯಂಗ ಮಗಳು, ನೂಲಿನಂಗ ಸೀರಿ ಅಂತಾರ. ಇದರಾಗ ತಾಯೀನೂ ಕಾಣವಲ್ಲಳು, ಮಗಳೂ ಕಾಣವಲ್ಲಳು” ಅಂದಿದ್ದ. ಬೀಜ ಕೆಟ್ಟಿತು ಎಂಬುದು ಊರಿನ ತೀರ್ಮಾನ.

ಬೀಜ ಕೆಟ್ಟಿರಲಿಲ್ಲ. ಅದು ಕಟ್ಟುವ ಮೊದಲು ಮೊಗ್ಗಿನೊಳಗೆ ಮಿಯಾಸಿಸ್ ನಡೆದಿತ್ತು, ಅಷ್ಟೆ.

ಜೀವಕೋಶ ಒಡೆಯುವ ಎರಡು ಬಗೆಗಳಲ್ಲಿ ನಾವೆಲ್ಲ ಕಾಲೇಜಿನಲ್ಲಿ ಕಣ್ಣಾರೆ ನೋಡಿದ್ದು ಮೈಟಾಸಿಸ್. ನೀರಿನ ಮೇಲೆ ಕೂರಿಸಿದ ಉಳ್ಳಾಗಡ್ಡಿಯ ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಕೆಳಗೆ ಜಜ್ಜಿದರೆ ಸಾಕು. 16 ವರ್ಣತಂತುಗಳು ನಕಲಾಗಿ, ಎರಡೂ ಕಡೆಗೆ ಹದಿನಾರು ಹದಿನಾರು ಹೋಗುವುದು ಕಾಣುತ್ತದೆ. ಬೇರು ಬೆಳೆಯುವುದು, ಎಲೆ ಅಗಲವಾಗುವುದು ಎಲ್ಲವೂ ಈ ನಕಲಿನಿಂದಲೇ. ಮಿಯಾಸಿಸ್ ನೋಡಬೇಕಾದರೆ ಮಾತ್ರ ಎಳೆಯ ಮೊಗ್ಗನ್ನೇ ಹಿಡಿಯಬೇಕು. ಹತ್ತಿಯಲ್ಲಿ ಹೂ ಅರಳಲು ಇನ್ನೂ ಸುಮಾರು ಮೂರು ವಾರ ಇರುವಾಗಲೇ, ಮೊಗ್ಗಿನೊಳಗಿನ ಪರಾಗಕೋಶಗಳಲ್ಲಿ ಅದು ಮುಗಿದುಹೋಗುತ್ತದೆ. ಅರಳಿದ ಹೂ ನೋಡುವವನು ಯಾವತ್ತಿಗೂ ತಡವಾಗಿ ಬಂದವನೇ.

ಲಕ್ಷ್ಮಿ, ವರಲಕ್ಷ್ಮಿಗಳಂಥ ಹತ್ತಿಯಲ್ಲಿ ವರ್ಣತಂತುಗಳು 52, ಅಂದರೆ 26 ಜೋಡಿ. ಪ್ರತಿ ಜೋಡಿಯಲ್ಲೂ ಒಂದು ತಾಯಿಯದು, ಒಂದು ತಂದೆಯದು. ಮಿಯಾಸಿಸ್ ಬಂದಾಗ ಆ ಎರಡೂ ಪಕ್ಕಪಕ್ಕ ಬಂದು ತಮ್ಮ ತುಂಡುಗಳನ್ನು ಬದಲಾಯಿಸಿಕೊಂಡು, ಆಮೇಲೆ ಬೇರೆಯಾಗುತ್ತವೆ. ಯಾವ ಜೋಡಿಯ ಯಾವುದು ಯಾವ ಕಡೆ ಹೋಗುತ್ತದೆ ಎಂಬುದಕ್ಕೆ ಕಟ್ಟುಪಾಡಿಲ್ಲ. ತುಂಡು ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 26 ಜೋಡಿಗಳಿಂದ 6,71,08,864 ಬಗೆಯ ಪರಾಗ ಸಾಧ್ಯ. ಕಾಕಾನ ಹೊಲದಲ್ಲಿ ಎರಡು ಗಿಡ ಒಂದೇ ಥರ ಬಂದಿದ್ದರೆ ಅದೇ ಆಶ್ಚರ್ಯ.

ಹಾಗಾದರೆ ಜವಾರಿ ಹತ್ತಿಯ ಬೀಜ ತಲೆಮಾರುಗಟ್ಟಲೆ ಹಾಗೇ ಬರುತ್ತಿತ್ತಲ್ಲ, ಅದರಲ್ಲಿ ಮಿಯಾಸಿಸ್ ಇರಲಿಲ್ಲವೇ? ಇತ್ತು. ವರುಷ ವರುಷ ತನ್ನ ಪರಾಗಕ್ಕೇ ತಾನು ಕಾಯಿ ಕಟ್ಟಿ ಶುದ್ಧವಾದ ತಳಿಯಲ್ಲಿ ಜೋಡಿಯ ಎರಡೂ ವರ್ಣತಂತು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಬದಲಾಯಿಸಿಕೊಂಡರೂ ಹೊಸದೇನೂ ಕೈಗೆ ಬರುವುದಿಲ್ಲ. ತಂದೆ ತಾಯಿ ಬೇರೆಬೇರೆ ಆದಾಗಲೇ ಮಿಯಾಸಿಸ್‌ನ ಕೈಚಳಕ ಹೊರಗೆ ಕಾಣುವುದು. ವರಲಕ್ಷ್ಮಿಯಲ್ಲಿ ಅವು ಬರಿ ಬೇರೆ ತಳಿಯಲ್ಲ, ಬೇರೆ ಪ್ರಭೇದಗಳೇ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿ ಅವರು ಹಿರ್ಸುಟಮ್ ಪ್ರಭೇದದ ಲಕ್ಷ್ಮಿಯನ್ನೂ ಉದ್ದನೆಯ ಎಳೆಯ ಬಾರ್ಬಡೆನ್ಸ್ ಪ್ರಭೇದದ ಎಸ್‌ಬಿ-289ಇ ಯನ್ನೂ ಕೂಡಿಸಿ ತಂದ ಹೈಬ್ರಿಡ್ ಅದು.

ಆ ಲಕ್ಷ್ಮಿಯ ತವರು ನಮ್ಮದೇ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಂಗ್ಲೆಂಡಿನ ಗಿರಣಿಗಳಿಗಾಗಿ ಅಮೆರಿಕದ ಹತ್ತಿಯನ್ನು ದೇಶದ ಹಲವು ಕಡೆ ಹಚ್ಚಿ ನೋಡಿತು. ಬಹಳ ಕಡೆ ಸೋತದ್ದು ಧಾರವಾಡ ಸೀಮೆಯಲ್ಲಿ ಬೇರು ಬಿಟ್ಟಿತು. ಬಂದದ್ದು ಬೆರಕೆ ಬೀಜ. ಜೇನು, ದುಂಬಿ ಅದನ್ನು ಇನ್ನಷ್ಟು ಬೆರೆಸಿದವು. ಆ ಗೊಂದಲದ ಹೊಲಗಳಿಂದಲೇ 20ನೇ ಶತಮಾನದ ಆರಂಭದಲ್ಲಿ ಕೃಷಿ ಇಲಾಖೆಯವರು ಒಳ್ಳೆಯ ಗಿಡ ಆರಿಸಿ ಗದಗ-1 ಎಂಬ ತಳಿ ಮಾಡಿದರು. ಅದಕ್ಕೆ ಎಲೆ ಕೆಂಪಾಗಿ ಒಣಗುವ ರೋಗದ ಕಾಟ. ಕೊಯಮತ್ತೂರಿನ ಕಾಂಬೋಡಿಯಾ ಹತ್ತಿ ಸಿಒ-2ರೊಡನೆ ಅದನ್ನು ಕೂಡಿಸಿ, ಹುಟ್ಟಿದ ನೂರೆಂಟು ಬಗೆಯಲ್ಲಿ ಆರಿಸಿದಾಗ ಸಿಕ್ಕಿದ್ದು ಲಕ್ಷ್ಮಿ. ಕಾಕಾ ನೋಡಿ ಹಣೆ ಬಡಿದುಕೊಂಡನಲ್ಲ, ಅಂಥದೇ ಚೆಲ್ಲಾಪಿಲ್ಲಿ ಹೊಲದಲ್ಲಿ ನಿಂತು ಯಾರೋ ಒಬ್ಬರು ಒಂದು ಗಿಡಕ್ಕೆ ದಾರ ಕಟ್ಟಿ ಗುರುತು ಮಾಡಿರಬೇಕು. ರೈತನಿಗೆ ನಷ್ಟ ತಂದದ್ದೂ ತಳಿ ತಜ್ಞನಿಗೆ ಲಾಭ ತಂದದ್ದೂ ಮೊಗ್ಗಿನೊಳಗಿನ ಅದೇ ಘಟನೆ.

ಜವಾರಿ ಹತ್ತಿಯನ್ನು, ನಮ್ಮ ಜಯಧರದಂಥದ್ದನ್ನು, ಅಮೆರಿಕದ ಹತ್ತಿಗೆ ಕೂಡಿಸಿದರೆ ಏನಾಗುತ್ತದೆ ಎಂಬ ಕಥೆ ಇನ್ನೂ ಸ್ವಾರಸ್ಯದ್ದು. ಜವಾರಿಯಲ್ಲಿ ವರ್ಣತಂತು 26 ಮಾತ್ರ. ಮಗುವಿಗೆ ಜವಾರಿಯಿಂದ ಅದರ ಅರ್ಧ 13, ಅಮೆರಿಕನ್ನಿನಿಂದ 52ರ ಅರ್ಧ 26, ಕೂಡಿ 39. ಗಿಡ ಬೆಳೆಯುತ್ತದೆ, ಏಕೆಂದರೆ ಮೈಟಾಸಿಸ್‌ಗೆ ಜೋಡಿ ಬೇಕಿಲ್ಲ. ಮಿಯಾಸಿಸ್ ಹೊತ್ತಿಗೆ ಸರಿಯಾಗಿ ತೊಡಕು: ಜವಾರಿಯ 13ಕ್ಕೆ ಅಮೆರಿಕನ್ನಿನ 13 ಜೋಡಿಯಾಗಿ ಸಿಗುತ್ತವೆ, ಉಳಿದ 13 ಒಂಟಿಯಾಗಿ ದಿಕ್ಕು ತಪ್ಪುತ್ತವೆ. ಗಿಡ ಬಂಜೆ. ಆ 13 ಯಾಕೆ ಜೋಡಿಯಾದವು? ಹತ್ತು ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕ ಖಂಡದಲ್ಲಿ ಅಲ್ಲಿನ ಕಾಡುಹತ್ತಿಯೊಡನೆ ಹಳೆಯ ಜಗತ್ತಿನ ಹತ್ತಿಯೊಂದು ಕೂಡಿದ್ದರಿಂದಲೇ 52ರ ಹತ್ತಿ ಹುಟ್ಟಿದ್ದು. ಕಂಪನಿಯವರು ಪರದೇಶಿ ಎಂದು ತಂದ ಗಿಡದೊಳಗೆ ಜಯಧರದ ದಾಯಾದಿ ಮೊದಲೇ ಕೂತಿತ್ತು. ದಾಖಲೆ ಸುಟ್ಟುಹೋದರೂ ಮಿಯಾಸಿಸ್ ನೆಂಟಸ್ತನ ಮರೆಯುವುದಿಲ್ಲ.

ಬೀಜೋತ್ಪಾದನೆಯ ಪ್ಲಾಟುಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಮಧ್ಯಾಹ್ನದ ಮೇಲೆ ನಾಳೆ ಅರಳುವ ಮೊಗ್ಗನ್ನು ಹುಡುಕಿ, ಹೆಬ್ಬೆರಳ ಉಗುರಿನಿಂದ ಎಸಳನ್ನೂ ಪರಾಗಕೋಶಗಳನ್ನೂ ಒಟ್ಟಿಗೆ ಸುಲಿದು, ಮೊಗ್ಗಿಗೆ ಗುರುತಿನ ಕಾಗದ ಹಾಕುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಹೂ ತಂದು ತಿಕ್ಕುತ್ತಾರೆ. ಹೈಬ್ರಿಡ್ ಬೀಜದ ಇಡೀ ವ್ಯಾಪಾರ ನಿಂತಿರುವುದು ಆ ಉಗುರಿನ ಮೇಲೆ, ಮತ್ತು ಆ ಬೀಜ ಎರಡನೇ ಸಲಕ್ಕೆ ಆಗುವುದಿಲ್ಲ ಎಂಬುದರ ಮೇಲೆ. ಬೆಳೆದ ಬೀಜವನ್ನು ಇಟ್ಟುಕೊಂಡು ಬಿತ್ತುವ ಹಕ್ಕನ್ನು 2001ರ ಸಸ್ಯತಳಿ ಕಾಯ್ದೆ ರೈತನಿಗೆ ಕೊಟ್ಟಿದೆ. ಮರುವರ್ಷವೇ, 2002ರಲ್ಲಿ, ಬಿಟಿ ಹತ್ತಿ ಬಂತು. ಬೇರೆ ದೇಶಗಳಲ್ಲಿ ಹೆಚ್ಚಾಗಿ ಸಾದಾ ತಳಿಯಲ್ಲಿ ಬಂದದ್ದು ಇಲ್ಲಿ ಹೈಬ್ರಿಡ್ ಆಗಿಯೇ ಬಂತು. ಕಾನೂನು ಕೊಟ್ಟದ್ದು ಕಾಗದದಲ್ಲಿ ಉಳಿಯಿತು. ಬೀಜ ಉಳಿಸಿಕೊಂಡ ರೈತನ ಮೇಲೆ ಕಂಪನಿಗಳು ಕೋರ್ಟಿಗೆ ಹೋಗುವ ಅಗತ್ಯವೇ ಬೀಳಲಿಲ್ಲ.

ಈ ಬೀಗ ತೆಗೆಯುವ ದಾರಿಯೊಂದು ಹೈದರಾಬಾದಿನ ಸಿಸಿಎಂಬಿ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಕಂಡಿದೆ. ಇಮ್ರಾನ್ ಸಿದ್ದಿಖಿ ಮತ್ತು ಸಂಗಡಿಗರು ಅರಾಬಿಡಾಪ್ಸಿಸ್ ಎಂಬ ಸಣ್ಣ ಸಾಸಿವೆ ಜಾತಿಯ ಗಿಡದಲ್ಲಿ ಡಯಾಡ್ ಎಂಬ ಒಂದೇ ಜೀನ್ ಕೆಟ್ಟರೆ, ಮಿಯಾಸಿಸ್ ಇಲ್ಲದೆಯೇ ಅಂಡಕೋಶ ಆಗಬಲ್ಲದು ಎಂದು 2008ರಲ್ಲಿ ತೋರಿಸಿದರು. ಆ ಅಂಡದಲ್ಲಿ ತಾಯಿಯದೆಲ್ಲವೂ ಕಲಸದೆ ಹಾಗೇ ಇರುತ್ತದೆ. 2019ರ ಹೊತ್ತಿಗೆ ಬೇರೆ ತಂಡಗಳು ಇದೇ ಜಾಡಿನಲ್ಲಿ ಭತ್ತದಲ್ಲಿ ತಾಯಿಯ ಪಡಿಯಚ್ಚಾದ ಬೀಜ ಪಡೆದವು. ಹತ್ತಿಯಲ್ಲೂ ಹೀಗಾದರೆ ಹೈಬ್ರಿಡ್ಡನ್ನು ಜವಾರಿಯಂತೆಯೇ ಹೊಳ್ಳಿ ಊರಬಹುದು.

ಆಗಲಿ ಎಂದೇ ನನ್ನ ಆಸೆ. ಆದರೆ ಗದಗ-1ಕ್ಕೆ ರೋಗ ಬಂದಾಗ ಪಾರಾಗಲು ಸಿಕ್ಕ ದಾರಿ ಕಲಸುವುದೊಂದೇ ಆಗಿತ್ತು. ಕಲಸುವುದನ್ನೇ ನಿಲ್ಲಿಸಿದ ಬೀಜ ಹೊಲ ತುಂಬಿದ ಮೇಲೆ ಹೊಸ ರೋಗ ಬಂದರೆ, ಮತ್ತೆ ಕೂಡಿಸಲು ಅದರ ಹಿಂದಿನವರನ್ನು ಎಲ್ಲಿ ಹುಡುಕುವುದು? ಅಂಥ ಬೀಜ ಮಾರುವವರನ್ನು ಮೊದಲು ಕೇಳಬೇಕಾದ್ದು ಇಳುವರಿಯಲ್ಲ, ತಾಯಿ ತಂದೆ ತಳಿಗಳನ್ನು ಯಾರ ಬಳಿ ಇಟ್ಟಿದ್ದೀರಿ ಎಂದು. ವರಲಕ್ಷ್ಮಿಗೆ ಆ ಲೆಕ್ಕ ಸಾರ್ವಜನಿಕವಾಗಿತ್ತು; ತಾಯಿ ಲಕ್ಷ್ಮಿ ಎಂದು ಎಲ್ಲರಿಗೂ ಗೊತ್ತಿತ್ತು, ಅದರ ಬೀಜ ರೈತರ ಮನೆಯಲ್ಲೇ ಸಿಗುತ್ತಿತ್ತು. ಈಗ ಲಕ್ಷ್ಮೇಶ್ವರದ ಬೀಜದಂಗಡಿಯಲ್ಲಿ ಒಂದು ಬಿಟಿ ಪಾಕೀಟು ತಗೊಂಡು ಹಿಂದೆ ಮುಂದೆ ಓದಿ ನೋಡಿ: ಮೊಳಕೆಯ ಶೇಕಡಾ ಇದೆ, ಬೆಲೆ ಇದೆ, ಕಂಪನಿಯ ವಿಳಾಸ ಇದೆ. ತಂದೆ ತಾಯಿಯ ಹೆಸರಿಲ್ಲ.