ಕಂದು ಬೇರ್ಪಡಿಸುವ ಧರ್ಮ

ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಘದ ಕಾರ್ಯದರ್ಶಿಗಳು ದೂರವಾಣಿಯಲ್ಲಿ ಕೇಳಿದಾಗ ನಾನು ತೋಟದಲ್ಲಿ ಬಾಳೆಯ ಬುಡ ಬಿಡಿಸುತ್ತಿದ್ದೆ. "ವಿಷಯ ನಿಮ್ಮ ಇಷ್ಟ, ಮಾಷ್ಟ್ರೇ" ಎಂದರು. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವನು ಭಾಷೆಯ ಕುರಿತೇ ಬರೆಯುವನೆಂದು ಅವರು ಎಣಿಸಿರಬೇಕು. ಆದರೆ ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆ ಬೇರೆ: ತಾಯಿಯಿಂದ ಕಂದನ್ನು ಬೇರ್ಪಡಿಸುವುದು ಹಿಂಸೆಯೋ, ಪೋಷಣೆಯೋ? ಬರೆಯುತ್ತ ಹೋದಂತೆ ಅದು ಭಾಷೆಯ ಪ್ರಶ್ನೆಯೂ ಹೌದೆಂದು ತಿಳಿಯಿತು.

ಕಾಸರಗೋಡಿನವರಾದ ನಮಗೆ ಬಾಳೆ ಹೊಸತಲ್ಲ. ಅಡಿಕೆ ತೋಟದ ನಡುವೆ ಕದಳಿ, ಗದ್ದೆಯ ಬದಿಯಲ್ಲಿ ನೇಂದ್ರ. ನಾವು ಬಾಳೆಮರವೆಂದು ಕರೆದರೂ ಅದು ಮರವಲ್ಲ. ಕಾಂಡವೆಂದು ಕಾಣುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆಗಳ ಬುಡ ಮಾತ್ರ; ನಿಜವಾದ ಕಾಂಡ ಮಣ್ಣಿನೊಳಗಿನ ಗಡ್ಡೆ. ಮೇಲೆದ್ದ ಗಿಡ ಒಮ್ಮೆ ಗೊನೆ ಹಾಕಿದರೆ ಅದರ ಆಯುಸ್ಸು ಮುಗಿಯಿತು. ನಾವು ತಿನ್ನುವ ಬಾಳೆಹಣ್ಣಿನಲ್ಲಿ ಬಿತ್ತಬಲ್ಲ ಬೀಜವೂ ಇಲ್ಲ. ಗಡ್ಡೆಯ ಮಗ್ಗುಲಲ್ಲಿ ಒಡೆಯುವ ಕಂದೇ ಅದರ ಸಂತಾನ. ಹಳೆಯ ತೋಟದ ಕಂದು ಹೊಸ ನೆಲಕ್ಕೆ ಹೋಗಬೇಕಾದರೆ ಯಾರಾದರೂ ಕಿತ್ತು ಒಯ್ದು ನೆಡಲೇಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಬಿಡುಗಡೆಯನ್ನು ಕುರಿತು ನಮ್ಮ ಹಿರಿಯರು ಕೊಟ್ಟ ಪ್ರಸಿದ್ಧ ಉಪಮೆ ಸೌತೆಯದು. ಮೃತ್ಯುಂಜಯ ಮಂತ್ರದಲ್ಲಿ ಅದನ್ನು ಕೇಳದವರಿಲ್ಲ. ಹಣ್ಣಾದ ಸೌತೆ ಬಳ್ಳಿಯಿಂದ ತಾನಾಗಿ ಕಳಚಿಕೊಳ್ಳುತ್ತದೆ. ಬಳ್ಳಿಗೂ ನೋವಿಲ್ಲ, ಕಾಯಿಗೂ ನೋವಿಲ್ಲ. ಬಾಳೆಯ ಕಂದು ಹಾಗಲ್ಲ. ಎಷ್ಟು ಬಲಿತರೂ ಅದು ತಾನಾಗಿ ಕಳಚದು, ತಾಯಿಯೂ ಅದನ್ನು ಕಳಚಿ ಕೊಡದು. ನಡುವೆ ಮೂರನೆಯವನೊಬ್ಬನ ಗುದ್ದಲಿ ಬೇಕು. ಆದುದರಿಂದ ಬಾಳೆಯ ಅಗಲಿಕೆ ಪ್ರಕೃತಿಯ ಘಟನೆಯಲ್ಲ, ಒಬ್ಬನ ಕೃತ್ಯ. ಕೃತ್ಯವೆಂದ ಮೇಲೆ ಅದಕ್ಕೆ ಹೊಣೆಯಿದೆ. ಕಡಿಯಬೇಕೇ ಬೇಡವೇ ಎಂಬುದಕ್ಕಿಂತಲೂ, ಕಡಿಯುವವನು ಹೇಗೆ ಕಡಿದನು ಎಂಬುದರಲ್ಲಿ ಧರ್ಮಾಧರ್ಮಗಳು ನಿರ್ಣಯವಾಗುತ್ತವೆ.

ಹಾಗಾದರೆ ಬೇರ್ಪಡಿಸದೆಯೇ ಬಿಟ್ಟರೆ ಆಗದೇ? ಆಗದು. ಎಲ್ಲ ಕಂದುಗಳನ್ನೂ ಬುಡದಲ್ಲೇ ಉಳಿಸಿದರೆ ಹಿಂಡು ಕಟ್ಟುತ್ತದೆ. ಒಂದೇ ಬುಡದ ಸಾರಕ್ಕೆ ಹಲವು ಬಾಯಿಗಳಾಗಿ ತಾಯಿಯ ಗೊನೆ ಬಡವಾಗುತ್ತದೆ, ಕಂದುಗಳು ಬೆಳಕಿಗಾಗಿ ಸೆಣಸಿ ಸೊರಗುತ್ತವೆ. ಅಪ್ಪಿಕೊಂಡೇ ಇರುವುದು ಪ್ರೀತಿಯಂತೆ ತೋರಿದರೂ ಅದರಿಂದ ಇಬ್ಬರಿಗೂ ಹಿತವಿಲ್ಲ.

ಕೀಳುವ ಕ್ರಮವನ್ನು ನನಗೆ ಕಲಿಸಿದವರು ನನ್ನ ತೀರ್ಥರೂಪರು. ಬುಡದಲ್ಲಿ ಎರಡು ಬಗೆಯ ಕಂದುಗಳಿರುತ್ತವೆ. ಒಂದಕ್ಕೆ ಎಳವೆಯಲ್ಲೇ ಅಗಲವಾದ ಎಲೆ. ನೋಡಲು ಸಮೃದ್ಧ, ಆದರೆ ತಾಯಿಗಡ್ಡೆಯೊಡನೆ ಅದರ ಸಂಬಂಧ ತೆಳುವು, ಅದರ ಸ್ವಂತ ಗಡ್ಡೆಯೂ ಸಣ್ಣದು. ಇದು ನೀರುಗಂದು. ಇನ್ನೊಂದರ ಎಲೆ ಕತ್ತಿಯ ಅಲಗಿನಂತೆ ಕಿರಿದು, ಆದರೆ ಬುಡ ದಪ್ಪ. ನೆಡಲು ತಕ್ಕುದು ಇದೇ. ಸುಮಾರು ಮೂರು ತಿಂಗಳು ತುಂಬಿದ ಅಂತಹ ಕಂದಿನ ಸುತ್ತಲೂ ಮಣ್ಣು ಬಿಡಿಸಿ, ಅದು ತಾಯಿಯನ್ನು ಸೇರಿದ ಸಂದನ್ನು ಕಣ್ಣಾರೆ ಕಂಡು, ಅಲ್ಲಿಗೆ ಗುದ್ದಲಿ ಇಳಿಸಬೇಕು. ಅವಸರದಲ್ಲಿ ಮೇಲಿನಿಂದ ಹಿಡಿದೆಳೆದರೆ ಕೈಗೆ ಬರುವುದು ಎಲೆಯ ಸುರುಳಿ ಮಾತ್ರ. ಗಡ್ಡೆ ಮಣ್ಣಿನಲ್ಲೇ ಉಳಿಯುತ್ತದೆ. ಗಡ್ಡೆಯಿಲ್ಲದ ಕಂದು ಯಾವ ಫಲವತ್ತಾದ ನೆಲದಲ್ಲಿಯೂ ಬದುಕದು.

ಕಿತ್ತೊಡನೆ ನೆಡುವ ಕ್ರಮವೂ ನೇಂದ್ರಕ್ಕಿಲ್ಲ. ಗಡ್ಡೆಯಿಂದ ಒಂದು ಗೇಣು ಬಿಟ್ಟು ಮೇಲಿನದನ್ನು ಕಡಿದು, ಹಳೆಯ ಬೇರುಗಳನ್ನು ಸವರಿ, ಸೆಗಣಿ ನೀರಿಗೆ ಬೂದಿ ಬೆರೆಸಿ ಬಳಿದು, ಮೂರು ನಾಲ್ಕು ದಿನ ಬಿಸಿಲಿಗೆ ಇಡುತ್ತೇವೆ. ಆ ಮೇಲೆ ನೆರಳಲ್ಲಿ ಹದಿನೈದು ದಿನಗಳವರೆಗೂ ಇಡಬಹುದು. ಆ ದಿನಗಳಲ್ಲಿ ಅದಕ್ಕೆ ತಾಯಿಯೂ ಇಲ್ಲ, ನೆಲವೂ ಇಲ್ಲ. ನೋಡಿದವರು ಸತ್ತಿತೆನ್ನುವರು. ಅದನ್ನು ಕಾಯುವುದು ತಾಯಿಯ ಬುಡದಲ್ಲಿ ಗಡ್ಡೆಯೊಳಗೆ ಕೂಡಿಸಿಕೊಂಡು ತಂದ ಸಾರ. ಬಿಸಿಲು ಗಾಯವನ್ನು ಒಣಗಿಸಿ ಅದನ್ನು ಹೊಸ ಮಣ್ಣಿಗೆ ಹದಗೊಳಿಸುತ್ತದೆ. ಎರಡು ಮಾತುಗಳನ್ನು ನಾನು ಇದರಿಂದ ಕಲಿತೆ: ಕಂದಿನೊಡನೆ ಗಡ್ಡೆ ಹೋಗಬೇಕು, ಹೋಗುವ ಮುನ್ನ ಅದು ಹದಗೊಳ್ಳಬೇಕು.

ನಾವೂ ಒಮ್ಮೆ ಹೀಗೆ ಬೇರ್ಪಟ್ಟವರು. 1956ರ ನವೆಂಬರ್ 1ರಂದು, ಅದುವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ನನಗಾಗ ಏಳು ವರ್ಷ. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಗೆರೆ ಬದಲಾಗಲಿಲ್ಲ. ಆ ಕಥೆಯನ್ನು ಈ ಸಂಚಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ನಾನು ನೆನೆಯುವುದು ಇಷ್ಟನ್ನೇ: ಗೆರೆ ಎಳೆದವರ ಗುದ್ದಲಿ ಎಲ್ಲಿಗೆ ಬಿದ್ದರೂ ನಮ್ಮ ಮನೆಮಾತು, ನಮ್ಮ ಶಾಲೆ, ನಮ್ಮ ಯಕ್ಷಗಾನ ನಮ್ಮೊಡನೆಯೇ ಉಳಿದವು. ಗಡ್ಡೆ ಸಹಿತ ಬೇರ್ಪಟ್ಟ ಕಂದುಗಳು ನಾವು. ಆದುದರಿಂದಲೇ ಇಂದು ಹೀಗೆ ಸೇರಲು ಸಾಧ್ಯವಾಗಿದೆ.

ಆದರೆ ಅನ್ಯರ ಗುದ್ದಲಿಯನ್ನು ಪರೀಕ್ಷಿಸುವವನು ತನ್ನದನ್ನೂ ತೋರಿಸಬೇಕು. 1985ರ ಸುಮಾರಿಗೆ ಪ್ರತಿ ಮೇ ತಿಂಗಳಲ್ಲಿ ನಾನು ಮನೆಮನೆಗೆ ಹೋಗಿ, ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿರೆಂದು ಕೇಳಿಕೊಳ್ಳುತ್ತಿದ್ದೆ. ಒಂದು ಮನೆಯ ಜಗಲಿಯಲ್ಲಿ ತಾಯಿಯೊಬ್ಬರು ಮಡಿಲಲ್ಲಿ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನನ್ನ ಮಾತನ್ನೆಲ್ಲ ಕೇಳಿ, ತಲೆಯೆತ್ತದೆ ಒಂದು ಪ್ರಶ್ನೆ ಕೇಳಿದರು: "ನಿಮ್ಮ ಮಗ ಯಾವ ಶಾಲೆಗೆ ಹೋಗುವುದು, ಮಾಷ್ಟ್ರೇ?"

ನನ್ನ ಮಗನನ್ನು ನಾನು ಆ ವರ್ಷವೇ ಪೇಟೆಯ ಆಂಗ್ಲ ಮಾಧ್ಯಮ ಶಾಲೆಗೆ ಸೇರಿಸಿದ್ದೆ. ಅಲ್ಲಿ ಕನ್ನಡ ಒಂದು ವಿಷಯವಾಗಿಯೂ ಇರಲಿಲ್ಲ. ನಾನು ಉತ್ತರ ಹೇಳಲಿಲ್ಲ. ಆ ತಾಯಿ ನನ್ನ ಮೌನವನ್ನು ಅರ್ಥಮಾಡಿಕೊಂಡೂ ಮಗಳನ್ನು ನನ್ನ ಶಾಲೆಗೇ ಕಳುಹಿಸಿದರು. ಅವರ ಆ ಔದಾರ್ಯ ಈಗಲೂ ನನ್ನನ್ನು ಚುಚ್ಚುತ್ತದೆ.

ಆ ಹುಡುಗಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು, ಪ್ರೀಡಿಗ್ರಿಗೆ ಹೋದಾಗ ಎಲ್ಲವೂ ಇಂಗ್ಲಿಷಿನಲ್ಲಿತ್ತು. "ಮೊದಲ ವರ್ಷವಿಡೀ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ, ಸರ್" ಎಂದು ಬಹಳ ವರ್ಷಗಳ ಬಳಿಕ ಸಿಕ್ಕಾಗ ಹೇಳಿದಳು. ಅವಳ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಈಗ ಅವಳು ಆಸ್ಪತ್ರೆಯೊಂದರಲ್ಲಿ ದಾದಿ. ಅವಳಿಗೆ ನಾನು ಗಡ್ಡೆ ಕೊಟ್ಟಿದ್ದೆ. ಮುಂದಿನ ನೆಲಕ್ಕೆ ಹದಗೊಳಿಸಿರಲಿಲ್ಲ. ನಮ್ಮ ಶಾಲೆಯಲ್ಲಿ ಇಂಗ್ಲಿಷನ್ನೂ ಮಲಯಾಳವನ್ನೂ ಇನ್ನಷ್ಟು ಚೆನ್ನಾಗಿ ಕಲಿಸುವುದು ಕನ್ನಡಕ್ಕೆ ದ್ರೋಹವಾಗುತ್ತಿರಲಿಲ್ಲವೆಂದು ಈಗ ಅರಿತಿದ್ದೇನೆ. ಮಗನಿಗೆ ಅಗಲವಾದ ಎಲೆಗಳನ್ನು ಕೊಟ್ಟೆ. ಗಡ್ಡೆಯನ್ನು ಮಣ್ಣಿನಲ್ಲೇ ಬಿಟ್ಟೆ. ಅವನು ದೂರದ ಊರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ, ಸಜ್ಜನನಾಗಿದ್ದಾನೆ. ಆದರೆ ಅವನಿಗೆ ಕನ್ನಡ ಓದಲು ಬಾರದು. ಈ ಲೇಖನವನ್ನೂ ಅವನು ಓದಲಾರ.

ಉಪಮೆಗೂ ಒಂದು ಮಿತಿಯಿದೆ. ಕಂದು ತಾಯಿಯ ಪ್ರತಿರೂಪ. ತಾಯಿಯ ಗುಣವೆಲ್ಲ ಅದಕ್ಕೆ ಬರುವಂತೆಯೇ ತಾಯಿಯ ರೋಗವೂ ಬರಬಹುದು. ತುದಿಯ ಎಲೆಗಳು ಗೊಂಚಲುಗಟ್ಟುವ ರೋಗ ತಗಲಿದ ಬುಡದಿಂದ ಯಾರೂ ಕಂದು ತೆಗೆಯಬಾರದೆಂಬುದು ಅದಕ್ಕಾಗಿಯೇ. ಮಕ್ಕಳು ಹಾಗಲ್ಲ, ಅವರು ನಮ್ಮ ಪ್ರತಿರೂಪಗಳಾಗಬೇಕಿಲ್ಲ, ಆಗಲೂ ಬಾರದು. ನಮ್ಮ ಜಾತಿಯ ಹಮ್ಮು, ಹಳೆಯ ಹಗೆ, ನೆರೆಯ ಭಾಷೆಯ ಮೇಲಿನ ಮುನಿಸು, ಇವನ್ನೆಲ್ಲ ಪರಂಪರೆಯೆಂಬ ಹೆಸರಿನಲ್ಲಿ ಅವರಿಗೆ ಕಟ್ಟಿ ಕಳುಹಿಸುವುದು ರೋಗದ ಬುಡದಿಂದ ಕಂದು ಹಂಚಿದಂತೆ. ಹಳೆಯ ಬೇರನ್ನು ಸವರುವುದೂ ಕೊಡುವವನ ಧರ್ಮದೊಳಗೆ ಸೇರಿದೆ.

ಕೊನೆಗೆ ಒಂದು ಮಾತು. ಕಂದು ಕಿತ್ತ ಮೇಲೆ ತಾಯಿಯ ಬುಡದಲ್ಲಿ ಒಂದು ಹೊಂಡ ಉಳಿಯುತ್ತದೆ. ಅವಸರದವರು ಕಂದು ಹಿಡಿದುಕೊಂಡು ನಡೆದುಬಿಡುತ್ತಾರೆ. ನಮ್ಮ ತೋಟದ ಕೆಲಸಕ್ಕೆ ಬರುವ ಹಿರಿಯರು ಮಾತ್ರ ಹಾಗೆ ಮಾಡಲು ಬಿಡುವುದಿಲ್ಲ. "ಮೊದಲು ಗುಂಡಿ ಮುಚ್ಚಿ, ಮಾಷ್ಟ್ರೇ. ಅದಕ್ಕೆ ಇನ್ನೂ ಗೊನೆ ಹೊರಲಿಕ್ಕಿದೆ" ಎನ್ನುತ್ತಾರೆ. ಮಕ್ಕಳನ್ನು ಹೊರನಾಡಿಗೆ ಕಳುಹಿಸಿ ಊರಲ್ಲಿ ಉಳಿದ ವೃದ್ಧರ ಮನೆಗಳನ್ನು ಕಂಡಾಗ ನನಗೆ ಈ ಮಾತು ನೆನಪಾಗುತ್ತದೆ. ಸಂಘದ ಬಂಧುಗಳು ವರ್ಷಕ್ಕೊಂದು ಸಮ್ಮೇಳನದ ಜೊತೆಗೆ ಅಂತಹ ಮನೆಗಳಿಗೂ ಆಗಾಗ ಹೋಗಿ ಬಂದರೆ ಗುಂಡಿಗೆ ಒಂದಿಷ್ಟು ಮಣ್ಣು ಬಿದ್ದೀತು.

ಸಂಚಿಕೆ ಅಚ್ಚಾಗಿ ಬಂದ ಮೇಲೆ ಈ ಲೇಖನವನ್ನು ಮಗನಿಗೆ ದೂರವಾಣಿಯಲ್ಲಿ ಓದಿ ಹೇಳಬೇಕೆಂದಿದ್ದೇನೆ. ಅವನಿಗೆ ಓದಲು ಬಾರದಿದ್ದರೂ ಕೇಳಿದರೆ ಅರ್ಥವಾಗುತ್ತದೆ. ಅವನ ತಾಯಿ ಮನೆಯಲ್ಲಿ ಅವನೊಡನೆ ಒಂದು ದಿನವೂ ಬೇರೆ ಭಾಷೆಯಲ್ಲಿ ಮಾತನಾಡಲಿಲ್ಲ.