ಸ್ಪ್ರಿಂಗಿನ ಉಪಕಾರ

ನಮ್ಮ ಮನೆಯ ಕಂಪ್ಯೂಟರಿನ ಪೆಟ್ಟಿಗೆಗೆ ಒಂದು ಮುಚ್ಚಳ ಬೇಕೆಂದು ತೀರ್ಮಾನವಾದದ್ದು ಮೊಮ್ಮಗನ ಪ್ರತಾಪದಿಂದ. ಅವನಿಗೆ ಮೂರು ವರ್ಷ. ಪೆಟ್ಟಿಗೆಯ ಮುಂಭಾಗದಲ್ಲಿ ನೀಲಿಯಾಗಿ ಬೆಳಗುವ ಗುಂಡಿಯೊಂದಿದೆ. ಅದು ಸರಿಯಾಗಿ ಅವನ ಮೂಗಿನ ಎತ್ತರಕ್ಕೆ ಬರುತ್ತದೆ. ಬೆಳಗುವ ಗುಂಡಿ ಇರುವುದೇ ಒತ್ತುವುದಕ್ಕೆ ಎಂಬುದು ಅವನ ಸಿದ್ಧಾಂತ. ನಾನು ಎರಡು ಗಂಟೆ ಕುಳಿತು ಬರೆದದ್ದು ಒಂದು ಮಧ್ಯಾಹ್ನ ಆ ಸಿದ್ಧಾಂತಕ್ಕೆ ಆಹುತಿಯಾಯಿತು.

ಹಲಗೆಯೊಂದನ್ನು ಅಡ್ಡವಿಟ್ಟರೆ ತೀರಿತು ಎಂದುಕೊಂಡೆ. ಆದರೆ ಆ ಗುಂಡಿಯನ್ನು ದಿನವೂ ಒತ್ತಬೇಕಾದವರು ಇನ್ನೊಬ್ಬರಿದ್ದಾರೆ: ನಮ್ಮ ತಾಯಿ. ವಯಸ್ಸು ಎಂಬತ್ತು ದಾಟಿದೆ. ನಾಲ್ಕು ವರ್ಷದ ಕೆಳಗೆ ಪಾರ್ಶ್ವವಾಯು ತಗುಲಿ ಬಲಗೈ ಸೋತಿತು. ಪರದೇಶದಲ್ಲಿರುವ ನನ್ನ ತಂಗಿಯ ಮುಖ ನೋಡಿ ಮಾತನಾಡಲು ಸಂಜೆ ಅವರೇ ಗೋಡೆ ಹಿಡಿದುಕೊಂಡು ಬಂದು ಯಂತ್ರವನ್ನು ಶುರುಮಾಡುತ್ತಾರೆ. ಬೇರೆ ಯಾರಾದರೂ ಗುಂಡಿ ಒತ್ತಿದರೆ ಅವರಿಗೆ ಸಮಾಧಾನವಿಲ್ಲ. ಹೀಗಾಗಿ ಮಗುವಿಗೆ ತೆರೆಯದ, ಅಜ್ಜಿಗೆ ಮಾತ್ರ ತೆರೆಯುವ ಮುಚ್ಚಳ ಬೇಕಾಯಿತು. ಬಲವಿರುವ ಕೈಯನ್ನು ತಡೆದು, ಬಲವಿಲ್ಲದ ಕೈಗೆ ದಾರಿ ಬಿಡುವ ಬಾಗಿಲು! ಸರ್ಕಾರಗಳೇ ಇನ್ನೂ ಕಟ್ಟಲಾರದ ಬಾಗಿಲು ಅದು.

ಈ ಕೆಲಸವನ್ನು ಯಂತ್ರಶಾಸ್ತ್ರ ಓದಿದ ನಮ್ಮ ಅಕ್ಕನ ಮಗ ವಹಿಸಿಕೊಂಡ. ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿ ಸಾಮಾನು ತಂದ. ಮೊದಲನೆಯದು ಬರಿಯ ಜಾರುಮುಚ್ಚಳ. ಎರಡು ಪಕ್ಕದ ತೋಡುಗಳಲ್ಲಿ ಅಕ್ರಿಲಿಕ್ ಹಾಳೆ. ಕೆಳಕ್ಕೆ ತಳ್ಳಿದರೆ ತೆರೆಯಬೇಕು. ಆದರೆ ಒಂದು ಅಂಚಿನಲ್ಲಿ ತಳ್ಳಿದರೆ ಹಾಳೆ ಓರೆಯಾಗಿ, ಒಂದೇ ಮೂಲೆ ಹಿಡಿದೆಳೆದ ಮೇಜಿನ ಖಾನೆಯಂತೆ ಸಿಕ್ಕಿಕೊಳ್ಳುತ್ತಿತ್ತು. ಅಮ್ಮನ ಕೈಗೆ ಅದು ಬಗ್ಗಲಿಲ್ಲ.

ಎರಡನೆಯದರಲ್ಲಿ ಸ್ಪ್ರಿಂಗು ಬಂತು. ಕೊಕ್ಕೆ ಬಿಟ್ಟರೆ ಸಾಕು, ಹಿಗ್ಗಿಸಿ ಕಟ್ಟಿದ ಸ್ಪ್ರಿಂಗು ಮುಚ್ಚಳವನ್ನು ಫಟ್ಟನೆ ಸೆಳೆದುಕೊಳ್ಳುತ್ತಿತ್ತು. ಸ್ಪ್ರಿಂಗನ್ನು ಎಷ್ಟು ಹಿಗ್ಗಿಸಿದರೆ ಅದರ ಎಳೆತವೂ ಅಷ್ಟೇ ಹೆಚ್ಚುತ್ತದೆಂದು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲೇ ಪ್ರಕಟಿಸಿದ್ದಾನೆ. ಆದುದರಿಂದ ಇಂಥ ಮುಚ್ಚಳ ಹೊರಡುವಾಗಲೇ ಅತಿ ರಭಸದಿಂದ ಹೊರಡುತ್ತದೆ. ದಾರಿಯುದ್ದಕ್ಕೂ ವೇಗ ಕೂಡಿಸಿಕೊಂಡು ಕೊನೆಗೆ ಹೋಗಿ ಬಡಿಯುತ್ತದೆ. ಅಮ್ಮ ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡರು. ನಾಲ್ಕನೆಯ ದಿನ ಹಾಳೆಯ ಮೂಲೆ ಸೀಳಿತು. ಅದರ ಚಿಂತೆ ನನಗಿರಲಿಲ್ಲ. ಮನಸ್ಸಿಗೆ ನಾಟಿದ್ದು ಅಮ್ಮನ ಮಾತು: “ಇದನ್ನು ನಾನು ತೆಗೆಯಲಿಲ್ಲಪ್ಪ, ಅದೇ ತೆಗೆದುಕೊಂಡಿತು.”

ಕಾಯಿಲೆಯ ಮೊದಲ ತಿಂಗಳುಗಳಲ್ಲಿ ನಾವೆಲ್ಲ ಇಂಥ ಸ್ಪ್ರಿಂಗುಗಳೇ ಆಗಿದ್ದೆವು. ಅಮ್ಮ ಕೈ ಚಾಚುವ ಮೊದಲೇ ಲೋಟ ತುಟಿಗೆ ಬರುತ್ತಿತ್ತು. ಸೆರಗು ಜಾರುವ ಮೊದಲೇ ಯಾರೋ ಸರಿಪಡಿಸುತ್ತಿದ್ದರು. ಅದನ್ನು ಮಾತೃಭಕ್ತಿಯೆಂದೇ ಎಣಿಸಿದ್ದೆವು. ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಒಂದು ದಿನ ತಡೆಯಲಾರದೆ, “ಸಾರ್, ಅವರು ಶುರುಮಾಡಲಿ. ಎಲ್ಲಿ ನಿಲ್ಲುತ್ತದೋ ಅಲ್ಲಿಂದ ನೀವು ಹಿಡಿಯಿರಿ. ಉಪಯೋಗಿಸದ ಕೈ ಮರೆತೇ ಹೋಗುತ್ತೆ” ಎಂದಳು. ಅಂದು ಲೋಟವನ್ನು ಮೇಜಿನ ಮೇಲಿಟ್ಟು, ಅಮ್ಮನ ಬೆರಳುಗಳು ಅದರತ್ತ ತೆವಳುವುದನ್ನು ನೋಡುತ್ತ ಕುಳಿತೆ. ಎರಡು ನಿಮಿಷವಿದ್ದೀತು; ಅಷ್ಟು ದೀರ್ಘವಾದ ಕಾಲವನ್ನು ನಾನು ಮತ್ತೆ ಕಂಡಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಕಣ್ಣಿಗೆ ನಾನು ಕಟುಕನಂತೆ ಕಂಡಿರಬೇಕು.

ಮೂರನೆಯ ಸಲ ಹುಡುಗ ಬೇರೆ ದಾರಿ ಹಿಡಿದ. ಸುರುಳಿ ತಂತಿಯ ಒಂದು ತುದಿಯನ್ನು ಪೆಟ್ಟಿಗೆಗೆ, ಇನ್ನೊಂದನ್ನು ಮುಚ್ಚಳಕ್ಕೆ ಸಿಕ್ಕಿಸಿದ. ಇಂಥ ಜೋಡಣೆಯಲ್ಲಿ ದಾರಿಯ ಒಂದು ಬಿಂದುವಿನವರೆಗೆ ಸ್ಪ್ರಿಂಗು ಅದುಮಿಕೊಳ್ಳುತ್ತ ಕೈಯನ್ನು ಎದುರಿಸುತ್ತದೆ. ಆ ಬಿಂದುವನ್ನು ದಾಟಿದೊಡನೆ ಪಕ್ಷ ಬದಲಿಸಿ, ಕೈಯ ಜೊತೆ ಸೇರಿ ಮುಚ್ಚಳವನ್ನು ಕೊನೆ ಮುಟ್ಟಿಸುತ್ತದೆ. ಹಿಂದಿನ ಎಷ್ಟೋ ಜಾರು ಮೊಬೈಲುಗಳಲ್ಲಿ ಇದ್ದದ್ದು ಇದೇ ಉಪಾಯ. ದೀಪದ ಸ್ವಿಚ್ಚಿನ ಕೆಲಸವೂ ಇದರ ಹತ್ತಿರದ್ದೇ. ನ್ಯೂಕ್ಯಾಸಲ್ಲಿನ ಜಾನ್ ಹೆನ್ರಿ ಹೋಮ್ಸ್ 1884ರಲ್ಲಿ ರೂಪಿಸಿದ ಸ್ವಿಚ್ಚಿನಲ್ಲಿ, ಕೈ ಎಷ್ಟೇ ತಡವರಿಸಿದರೂ ಸಂಪರ್ಕ ಥಟ್ಟನೆ ಕಡಿದು ಕಿಡಿ ನಿಲ್ಲದಂತಾಯಿತು. ನಮ್ಮ ಮುಚ್ಚಳದ ರಭಸ ತಗ್ಗಿಸಲು ಗಟ್ಟಿ ಗ್ರೀಸಿನಲ್ಲಿ ತಿರುಗುವ ಪುಟ್ಟ ಹಲ್ಲುಚಕ್ರವೊಂದನ್ನೂ, ಫ್ಯಾನಿಗೆ ಗಾಳಿ ಹೋಗಲು ಹಾಳೆಯ ಹಿಂದೆ ಬೆರಳಗಲ ಜಾಗವನ್ನೂ ಇಟ್ಟ.

ಆ ಬಿಂದುವನ್ನು ಅವನು ನಟ್ಟನಡುವೆ ಇಡಲಿಲ್ಲ. ಮುಚ್ಚಳ ಜಾರುವುದು ಒಂಬತ್ತು ಸೆಂಟಿಮೀಟರು. ಮೇಲಿನಿಂದ ಮೂರನೆಯದರಲ್ಲಿ ಇಟ್ಟ. ತೆರೆಯುವಾಗ ಮೂರು ಅಮ್ಮನ ಪಾಲು, ಆರು ಸ್ಪ್ರಿಂಗಿನದು.

“ಹಾಗಾದರೆ ಆ ಆರು ಬಿಟ್ಟಿಯೇನೋ?” ಎಂದೆ.

“ಬಿಟ್ಟಿ ಎಲ್ಲಿ ಬಂತು ಮಾವ? ಮುಚ್ಚುವವರು ಕೊಟ್ಟಿರಬೇಕು” ಎಂದ.

ನಿಜ. ಮುಚ್ಚುವಾಗ ಲೆಕ್ಕ ತಿರುಗಿ, ಆರು ಕೈಯದು, ಮೂರು ಸ್ಪ್ರಿಂಗಿನದು ಆಗುತ್ತದೆ. ಸ್ಪ್ರಿಂಗು ಸ್ವಂತ ಸಂಪಾದನೆಯಿಲ್ಲದ ದಾನಿ. ಯಾರೋ ತುಂಬಿದ್ದನ್ನು ಕಾದಿಟ್ಟು, ತಿಕ್ಕಾಟಕ್ಕೆ ಒಂದಿಷ್ಟು ಕಳೆದು, ಮಿಕ್ಕದ್ದನ್ನು ಹಿಂದಿರುಗಿಸುತ್ತದೆ. ಒಂದು ಕೈಗೆ ಹಗುರವಾದದ್ದು ಇನ್ನೊಂದು ಕೈಗೆ ಮೊದಲೇ ಭಾರವಾಗಿರುತ್ತದೆ.

ಉಪಕಾರದ ಧರ್ಮವೂ ಇದೇ ಇರಬಹುದೆ ಎಂದು ನಾನು ಅಂದಿನಿಂದ ಯೋಚಿಸುತ್ತಿದ್ದೇನೆ. ಬಿಂದು ತೀರ ದೂರವಿದ್ದರೆ ಉಪಕಾರ ತಲುಪುವುದೇ ಇಲ್ಲ. ತೀರ ಹತ್ತಿರವಿದ್ದರೆ ‘ನಾನು ತೆಗೆದೆ’ ಎನ್ನುವ ಮಾತನ್ನೇ ಕಿತ್ತುಕೊಂಡಂತಾಗುತ್ತದೆ. ಒಂದು ಸಲ ಗೊತ್ತುಮಾಡಿದ ಬಿಂದು ಎಂದೆಂದಿಗೂ ಸರಿಯೆಂದೂ ಅಲ್ಲ. ಅಜ್ಜಿಯ ಕೈ ಇನ್ನೂ ಸೋತರೆ ಬೇಕಾದೀತೆಂದು ಹುಡುಗ ಅದನ್ನು ತಿರುಪಿನಿಂದ ಸರಿಸುವ ಹಾಗೆ ಮಾಡಿಟ್ಟಿದ್ದಾನೆ. ಆ ತಿರುಪನ್ನು ನಾನು ಕೆಲವು ಸಲ ಮುಟ್ಟಿ ನೋಡಿದ್ದೇನೆ. ತಿರುಗಿಸುವ ದಿನ ಬೇಗ ಬಾರದಿರಲಿ ಎಂದುಕೊಂಡು ಹಿಂದಿರುಗಿದ್ದೇನೆ.

ಈ ತತ್ತ್ವ ಜಿಪುಣರಿಗೆ ಬಹಳ ಅನುಕೂಲವಾದದ್ದು ಎಂದು ನೀವು ಆಕ್ಷೇಪಿಸಬಹುದು. ‘ಅವನೇ ಮಾಡಿಕೊಳ್ಳಲಿ, ಕಲಿಯುತ್ತಾನೆ’ ಎಂದು ಕೈಕಟ್ಟಿ ಕುಳಿತವರು ಯಾವ ಊರಿನಲ್ಲಿಲ್ಲ? ಅಂಥವರನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ: ನಿಮ್ಮ ಆರು ಸೆಂಟಿಮೀಟರನ್ನು ಮೊದಲೇ ತಳ್ಳಿಟ್ಟಿದ್ದೀರಾ? ತಳ್ಳಿಟ್ಟು ಕಾಯುವವನೂ ತಳ್ಳದೆ ಕಾಯುವವನೂ ನೋಡುವುದಕ್ಕೆ ಒಂದೇ ರೀತಿ ಸುಮ್ಮನೆ ಕುಳಿತಿರುತ್ತಾರೆ. ಲೋಟದತ್ತ ಹೊರಟ ಕೈಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಇನ್ನು ಮೊಮ್ಮಗನ ಸಂಗತಿ. ಅವನನ್ನು ತಡೆಯುವುದರಲ್ಲಿ ನಮ್ಮ ಮುಚ್ಚಳ ಪೂರ್ಣವಾಗಿ ಸೋತಿತು. ಎರಡನೆಯ ದಿನವೇ ಗುಟ್ಟನ್ನು ಕಂಡುಹಿಡಿದ. ಆದರೆ ಮುಚ್ಚಳದ ಆಟ ಸಿಕ್ಕಮೇಲೆ ನೀಲಿ ಗುಂಡಿ ಅವನಿಗೆ ರುಚಿಸದಾಯಿತು. ಸಂಜೆ ಮಾತು ಮುಗಿದೊಡನೆ ಓಡಿಬಂದು, ಎರಡು ಕೈಯಿಂದ ಮುಚ್ಚಳವನ್ನು ಮೇಲಕ್ಕೆ ತಳ್ಳುತ್ತಾನೆ. ಆರು ಸೆಂಟಿಮೀಟರು ಏರುದಾರಿ, ಮುಖ ಕೆಂಪೇರುತ್ತದೆ. ಕೊನೆಗೆ ಅದು ತಾನಾಗಿ ಸರಿದು ಮುಚ್ಚಿಕೊಂಡಾಗ ಚಪ್ಪಾಳೆ ತಟ್ಟುತ್ತಾನೆ. ನಾಳೆ ಸಂಜೆಯ ಮುತ್ತಜ್ಜಿಯ ಪಾಲನ್ನು ತಾನು ಈಗಲೇ ತುಂಬಿಡುತ್ತಿದ್ದೇನೆಂದು ಅವನಿಗೆ ತಿಳಿಯದು. ನಾವು ಯಾರೂ ಹೇಳಲು ಹೋಗಿಲ್ಲ.