ದೀವದ ದನಿ

ಕಳೆದ ಮಾಗಿಯ ಒಂದು ಸಂಜೆ ನಮ್ಮ ಶಾಲೆಯ ಕೆಲವು ಮಕ್ಕಳೊಡನೆ ಊರಾಚೆಯ ಚಿರೇಕಲ್ಲಿನ ಬಯಲಿಗೆ ಹೋಗಿದ್ದೆವು. ಗೋವೆಯ ಜನ ಇಂಥ ಬಯಲನ್ನು ಸಡಾ ಎನ್ನುತ್ತಾರೆ. ಹೊತ್ತು ಮುಳುಗುತ್ತಿದ್ದಂತೆ, ಹಾವೇರಿಯ ಕಡೆಯಿಂದ ಬಂದು ನೆಲೆಸಿದ ಕುಟುಂಬದ ಹುಡುಗನೊಬ್ಬ ಎರಡು ಕೈಗಳನ್ನೂ ಬಾಯಿಗೆ ಬಳಸಿ ನರಿಯಂತೆ ಊಳಿಟ್ಟನು. ಉಳಿದವರು ನಕ್ಕರು. ಆ ನಗು ನಿಲ್ಲುವ ಮೊದಲೇ ಕುರುಚಲು ಗಿಡಗಳ ಆಚೆಯಿಂದ ಒಂದು ನರಿ ಮರುದನಿ ಕೊಟ್ಟಿತು. ಬಳಿಕ ಇನ್ನೊಂದು, ಮತ್ತೊಂದು. ಈ ವಿದ್ಯೆ ಅವನಿಗೆ ಅಜ್ಜನಿಂದ ಬಂದುದಂತೆ. ಬೇಟೆಗೆ ತಡೆ ಬೀಳುವ ಮೊದಲು, ಹರೆಯದ ದಿನಗಳಲ್ಲಿ, ಅಜ್ಜ ಎಲೆಯೊಂದನ್ನು ಹೆಬ್ಬೆರಳುಗಳ ನಡುವೆ ಹಿಡಿದು ಊದಿ, ಗಾಯಗೊಂಡ ಮೊಲದ ಕೂಗನ್ನು ಹೊರಡಿಸಿ, ನರಿಯನ್ನು ಬಂದೂಕಿನ ಎದುರಿಗೆ ಬರಮಾಡಿಕೊಳ್ಳುತ್ತಿದ್ದನಂತೆ. "ಅದನ್ನೂ ಕಲಿಸು ಅಂದರೆ ಅಜ್ಜ ಊಳಿಡೋದನ್ನಷ್ಟೇ ಕಲಿಸಿದ, ಸರ್" ಎಂದ ಹುಡುಗ ಸ್ವಲ್ಪ ತಡೆದು ಕೇಳಿದನು: "ಈಗ ನಾನು ಅವಕ್ಕೆ ಏನಂತ ಹೇಳಿದ ಹಾಗಾಯಿತು?"

ಪಾಠ ಹೇಳುವುದೇ ಕಸುಬಾದ ನಮಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಪ್ರಾಣಿಯೊಂದನ್ನು ಅದರದೇ ದನಿಯಿಂದ ವಂಚಿಸುವುದು ತಪ್ಪೆ? ತಪ್ಪಾದರೆ, ಕೊಲ್ಲುವುದಕ್ಕಿಂತ ಅದು ಬೇರೆಯಾದ ತಪ್ಪೆ? ಆ ದಿನದಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಕರೆದು ಕೊಲ್ಲುವ ಬೇಟೆ ಹೊಸದೇನಲ್ಲ. ಹಳಗನ್ನಡದಲ್ಲಿ ಅದಕ್ಕೆಂದೇ ದೀವ ಎಂಬ ಪದವಿದೆ. ಪಳಗಿಸಿದ ಜಿಂಕೆಯನ್ನು ಮೇಯಲು ಬಿಟ್ಟು, ಅದನ್ನು ನಂಬಿ ಹತ್ತಿರ ಬಂದ ಕಾಡಿನ ಜಿಂಕೆಯನ್ನು ಬೇಟೆಗಾರ ಹೊಡೆಯುತ್ತಿದ್ದನು. ಆ ಪಳಗಿದ ಜಿಂಕೆಯೇ ದೀವದ ಮಿಗ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಬೇಟೆಯು ಅರಸರ ವಿನೋದಗಳಲ್ಲಿ ಒಂದಾಗಿ ವಿಸ್ತಾರವಾಗಿ ಬಂದಿದೆ. ಗೌಜಲ ಹಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸಿ, ಅದರ ಜಾತಿಯ ಹಕ್ಕಿಗಳನ್ನು ಬಲೆಗೆ ಬೀಳಿಸುವುದನ್ನು ಹಳ್ಳಿಯ ಹಿರಿಯರು ಬಲ್ಲರು. ಹಕ್ಕಿಪಿಕ್ಕಿ ಜನರಿಗೆ ಹಕ್ಕಿ ಹಿಡಿಯುವುದು ಹೊಟ್ಟೆಪಾಡಾಗಿತ್ತು. ಅರಸನ ವಿನೋದಕ್ಕೂ ಹಸಿದವನ ಬಲೆಗೂ ಇರುವ ಅಂತರವನ್ನು ಮರೆತು ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವ ಅಧಿಕಾರ, ಮೂರು ಹೊತ್ತು ಉಣ್ಣುವ ನಮಗಿಲ್ಲ.

ಈ ವಿದ್ಯೆ ಇಂದು ಬಹುವಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿನ ಕಯೋಟಿ ನಮ್ಮ ನರಿಯ ದಾಯಾದಿ; ಗಾತ್ರದಲ್ಲಿ ತುಸು ದೊಡ್ಡದು. ಹೊಸಬನಿಗೆ ಹೇಳುವ ಮೊದಲ ಪಾಠ ಗಾಳಿಯದು: ಗಾಳಿ ಮುಖಕ್ಕೆ ಬೀಸುವಂತೆ ಪೊದೆಯ ಮರೆಯಲ್ಲಿ ಅಲುಗದೆ ಕೂಡಬೇಕು. ಮೊಲದ ಆರ್ತನಾದವನ್ನು ಸ್ವಲ್ಪ ಹೊತ್ತು ಊದಿ ಸುಮ್ಮನಾಗಬೇಕು. ಕಾದಿದ್ದು ಮತ್ತೆ ಊದಬೇಕು. ಕಯೋಟಿ ನೇರವಾಗಿ ಬರುವುದು ಕಡಿಮೆ. ಸುತ್ತು ಬಳಸಿ, ಗಾಳಿ ವಾಸನೆಯನ್ನು ತನ್ನ ಕಡೆಗೆ ತರುವ ಜಾಗಕ್ಕೆ ಹೋಗಿ ಮೂಸಿ ನೋಡುತ್ತದೆ. ಕಿವಿ ಕೇಳಿದ್ದನ್ನು ಮೂಗು ಒಪ್ಪುವವರೆಗೆ ಅದು ನಂಬುವುದಿಲ್ಲ. (ಸುದ್ದಿ ಕೇಳಿದೊಡನೆ ಓಡುವ ನಾವು ಇದರಿಂದ ಕಲಿಯಬಹುದು.) ಸಂಗಾತಿಯನ್ನು ಅರಸುವ ಕಾಲದಲ್ಲಿ ಊಳಿಡುವ ದನಿಯಿಂದಲೂ ಅದನ್ನು ಕರೆಯಬಹುದು. ಮರಿಗಳು ಬೆಳೆಯುವ ಕಾಲದಲ್ಲಿ ಇನ್ನೊಂದು ಕರೆಯಿದೆ: ನೋವಿನಿಂದ ಕುಂಯ್‌ಗುಡುವ ಮರಿಯ ದನಿ. ಅದಕ್ಕೆ ತಾಯಿತಂದೆಗಳು ಓಡಿ ಬರುತ್ತವೆ.

ನಮ್ಮ ವಿಚಾರ ತೊಡಕುವುದು ಇಲ್ಲಿಯೇ. ಮೊಲದ ಕೂಗಿಗೆ ಬಂದ ಪ್ರಾಣಿ ಕೊಲ್ಲಲೆಂದೇ ಬಂದಿತು. ತನಗಿಂತ ಜಾಣನಾದ ಕೊಲೆಗಾರನನ್ನು ಕಂಡಿತು. ಅಲ್ಲಿ ಒಂದು ಬಗೆಯ ಸಮಾನತೆಯಿದೆ ಎನ್ನಬಹುದೇನೋ. ಮರಿಯ ಕೂಗಿಗೆ ಬಂದುದು ಹಾಗೆ ಬರಲಿಲ್ಲ. ರಾಮಾಯಣದಲ್ಲಿ ಮಾರೀಚನು ಎರಡು ಮೋಸಗಳನ್ನು ಮಾಡುತ್ತಾನೆ. ಹೊನ್ನಿನ ಜಿಂಕೆಯಾಗಿ ರಾಮನನ್ನು ಎಳೆದೊಯ್ಯುವುದು ಮೊದಲನೆಯದು. ಬೇಟೆಗಾರನಿಗೇ ಒಡ್ಡಿದ ದೀವದ ಮಿಗವದು. ಸಾಯುವಾಗ ರಾಮನ ದನಿಯಲ್ಲಿ ಸೀತೆ ಲಕ್ಷ್ಮಣರನ್ನು ಕೂಗುವುದು ಎರಡನೆಯದು. ಮೊದಲನೆಯದನ್ನು ಮಾಯೆ ಎಂದು ಬಿಟ್ಟೇವು. ಎರಡನೆಯದನ್ನು ಓದುವಾಗ ಮಾತ್ರ ಮೈ ಉರಿಯುತ್ತದೆ. ಮೊದಲನೆಯದು ಆಸೆಯನ್ನು ಹಿಡಿಯಿತು, ಎರಡನೆಯದು ಪ್ರೀತಿಯನ್ನು.

ಸತ್ತ ಪ್ರಾಣಿಗೆ ಈ ಭೇದವೆಲ್ಲಿಯದು, ಗುಂಡು ಎರಡೂ ಕಡೆ ಒಂದೇ ಅಲ್ಲವೆ, ಎಂದು ಕೇಳುವವರುಂಟು. ಪ್ರಾಣಿಗೆ ಭೇದವಿಲ್ಲದಿರಬಹುದು, ಕರೆಯುವವನಿಗೆ ಇದೆ. ಪ್ರಾಣಿಗೆ ಮನಸ್ಸಿಲ್ಲ, ಅದೊಂದು ಯಂತ್ರ ಎಂದು ತಿಳಿದವನು ಅದನ್ನು ಕೊಂದರೆ ಅವನ ಅಜ್ಞಾನಕ್ಕೆ ಕ್ಷಮೆಯುಂಟು. ಮರಿಯ ದನಿಯನ್ನು ಊದುವವನು ಹಾಗೆ ಹೇಳಿಕೊಳ್ಳುವಂತಿಲ್ಲ. ತಾಯಿ ಬಂದೇ ಬರುತ್ತದೆಂಬ ಭರವಸೆಯಿಂದಲೇ ಅವನು ಊದುತ್ತಾನೆ. ಅದರ ವಾತ್ಸಲ್ಯವನ್ನು ಅವನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ.

ಆದರೂ ಇದನ್ನು ಕಡುನಿಯಮವಾಗಿ ಹಿಡಿಯಲು ನಮ್ಮ ಮನಸ್ಸು ಒಪ್ಪುವುದಿಲ್ಲ. 1938ರಲ್ಲಿ ಕುಮಾಂವಿನ ಥಾಕ್ ಗ್ರಾಮದ ನರಭಕ್ಷಕ ಹೆಣ್ಣುಹುಲಿಯನ್ನು ಜಿಮ್ ಕಾರ್ಬೆಟ್ಟರು ಗಂಡುಹುಲಿಯ ದನಿಯಲ್ಲಿ ಕೂಗಿ ಕರೆದು ಕೊಂದರು. ಅದೂ ವಂಚನೆಯೇ. ಜನ ಮನೆಮಠ ಬಿಟ್ಟು ಓಡಿಹೋಗಿದ್ದ ಆ ಊರನ್ನು ನೆನೆದರೆ ಕಾರ್ಬೆಟ್ಟರನ್ನು ದೂರಲು ನಾಲಗೆ ಏಳದು. ಕುರಿಮರಿಗಳನ್ನು ಕಳೆದುಕೊಂಡ ಅಮೆರಿಕದ ಕುರಿಗಾಹಿಯ ಮಾತೂ ಕೇಳತಕ್ಕದ್ದೇ. ಹೆಚ್ಚು ಕಯೋಟಿ ಕೊಂದವನಿಗೆ ಬಹುಮಾನ ಕೊಡುವ ಪಂದ್ಯಗಳ ಸಂಗತಿ ಬೇರೆ. ಕ್ಯಾಲಿಫೋರ್ನಿಯ ರಾಜ್ಯವು 2014ರಲ್ಲಿ ಅವನ್ನು ನಿಷೇಧಿಸಿತು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನರಿಗೂ ರಕ್ಷಣೆ ಕೊಟ್ಟಿದೆ. ಆಮಿಷವೊಡ್ಡುವುದನ್ನೂ ಆ ಕಾಯಿದೆ ಬೇಟೆಯೆಂದೇ ಎಣಿಸುತ್ತದೆ. ಅಲ್ಲಿಗೆ ಪ್ರಶ್ನೆ ತೀರಿತೆಂದು ನಾವೂ ಭಾವಿಸಿದ್ದೆವು. ಆದರೆ ಮೊಲೆಂ, ಬೋಂಡ್ಲಾ ಕಾಡುಗಳಿಗೆ ಹಕ್ಕಿ ನೋಡಲು ಹೋಗುವವರ ಜೇಬಿನಲ್ಲಿ ಇಂದು ಮೊಬೈಲ್ ಇದೆ, ಅದರಲ್ಲಿ ನೂರಾರು ಹಕ್ಕಿಗಳ ಕೂಗುಗಳಿವೆ. ಗುಂಡಿ ಒತ್ತಿದರೆ, ತನ್ನ ಎಲ್ಲೆಯೊಳಗೆ ಎದುರಾಳಿ ನುಗ್ಗಿದನೆಂದು ತಿಳಿದ ಗಂಡುಹಕ್ಕಿ ಹೊರಗೆ ಹಾರಿ ಬರುತ್ತದೆ. ಗೂಬೆಯ ಕೂಗಾದರೆ ಸಣ್ಣ ಹಕ್ಕಿಗಳು ಗಾಬರಿಯಿಂದ ಮುತ್ತುತ್ತವೆ. ಚಿತ್ರ ತೆಗೆದುಕೊಂಡು ಜನ ಹೊರಟುಹೋಗುತ್ತಾರೆ. ಗೂಡಿನಲ್ಲಿ ಮೊಟ್ಟೆಯಿದ್ದ ಹಕ್ಕಿಯೂ ಇಲ್ಲದ ಶತ್ರುವಿಗಾಗಿ ಹೊತ್ತು ಕಳೆದು ಬಳಲುತ್ತದೆ. ರಕ್ತ ಹರಿಯದ ಕಾರಣ ಇದು ಯಾರ ಮನಸ್ಸನ್ನೂ ಚುಚ್ಚುವುದಿಲ್ಲ. ನಮ್ಮನ್ನೂ ಚುಚ್ಚಿರಲಿಲ್ಲ, ಹಿಂದಿನ ವರ್ಷ ಮಕ್ಕಳಿಗೆ ಹಕ್ಕಿ ತೋರಿಸಲೆಂದು ನಾವೇ ಹೀಗೆ ಮಾಡಿದ್ದೆವು.

ಮುಂದಿನ ಪ್ರವಾಸದಲ್ಲಿ ಕೂಗನ್ನು ಧ್ವನಿಮುದ್ರಿಸಬಹುದು, ನುಡಿಸಕೂಡದು ಎಂದು ತರಗತಿಯಲ್ಲಿ ಗೊತ್ತು ಮಾಡಿದೆವು. ಊಳಿಟ್ಟ ಹುಡುಗ ಒಪ್ಪಲಿಲ್ಲ. ಊಳಿನ ಧ್ವನಿಯನ್ನು ಕೇಳಿಸಿ, ಬಂದ ಮರುದನಿಗಳಿಂದ ನರಿಗಳನ್ನು ಎಣಿಸುವ ವಿಜ್ಞಾನಿಗಳಿದ್ದಾರೆ, ಎಣಿಸದೆ ಅವನ್ನು ಕಾಪಾಡುವುದು ಹೇಗೆ ಎಂದು ವಾದಿಸಿದನು. ಎಣಿಸುವವರು ಕೂಗಿ ಮಾಡುವ ತೊಂದರೆ ನರಿಗಳ ಒಳಿತಿಗಾಗಿ, ನಾವು ಮಾಡಿದ್ದು ನಮ್ಮ ಸಂತೋಷಕ್ಕಾಗಿ ಎಂದೆವು. "ಆದರೆ ನರಿಗೆ ಅದು ಗೊತ್ತಾಗೋದಿಲ್ಲವಲ್ಲ, ಸರ್" ಎಂದನು. ಅದಕ್ಕೆ ನಮ್ಮಲ್ಲಿ ಮಾತಿರಲಿಲ್ಲ.

ಮತ್ತೊಂದು ಸಂಜೆ ಅದೇ ಸಡಾಕ್ಕೆ ಹೋದೆವು. ಅವನು ಊಳಿಡಲಿಲ್ಲ. ಕತ್ತಲಾದ ಮೇಲೆ ನರಿಗಳು ತಾವಾಗಿಯೇ ಕೂಗಿದವು. ನಾಲ್ಕು ಎಂದು ಕೆಲವರು, ಆರು ಎಂದು ಕೆಲವರು ದಾರಿಯುದ್ದಕ್ಕೂ ಜಗಳವಾಡುತ್ತ ಮನೆಗೆ ಬಂದರು.